ಇಳಿಯದ ಗಾಜು

ತಿಪಟೂರು
ಮಾರ್ಗಶಿರ, 1979

ಹುಳಿಯಾರಿನ ಮನೆ ಸೇರಿದ ನನ್ನ ಮಗಳು ಸಿದ್ದಗಂಗೆಗೆ,

ಅಪ್ಪ ಕಾಗದ ಬರೆದನೆಂದರೆ ಅವನಿಗೇನೋ ಲಾಭವಿರಬೇಕು ಎಂದು ನಿನಗೆ ಅನಿಸುವುದು ಸಹಜ. ಕೊಬ್ಬರಿ ಮಂಡಿಯಲ್ಲಿ ಮಾತು ಮಾರಿಯೇ ಮನೆ ಕಟ್ಟಿದವನು ನಾನು. ಈ ಸಲ ಬರೀ ನಷ್ಟದ ಸುದ್ದಿ. ಆದರೂ ಕೊನೆಯ ತನಕ ಓದು.

ನಿನ್ನೆ ಬೆಳಿಗ್ಗೆ ನಮ್ಮ ಹಳೇ ಲ್ಯಾಂಡ್‌ಮಾಸ್ಟರ್ ಕಾರಿನ ಹಿಂಬಾಗಿಲ ಗಾಜು ಇಳಿಯದೆ ನಿಂತಿತು. ಗಂಡನ ಮನೆಗೆ ಹೊರಟಾಗ ನೀನು ಕೂತಿದ್ದ ಬದಿಯದು. ಒಡೆದದ್ದನ್ನು ತೆಗೆಸಿ ನಿನ್ನ ಮದುವೆಗೆಂದೇ ಹೊಸದು ಹಾಕಿಸಿದ್ದೆ. ಮೆಕ್ಯಾನಿಕ್ ರಹಮತುಲ್ಲಾ ಅದನ್ನು ಕೂರಿಸಿದ ಚಂದ ನೀನು ನೋಡಬೇಕಿತ್ತು. ಮುಂದಿನ ಅಂಚು, ಹಿಂದಿನ ಅಂಚು ಸಮವಾಗುವ ತನಕ ಬೋಲ್ಟನ್ನು ಕೂದಲೆಳೆಯಷ್ಟು ಬಿಗಿಸುವುದು, ಮತ್ತೆ ಸಡಿಲಿಸುವುದು. ಗಾಜು ಏರಿಸಿ ಮೇಲಿನ ಸಂದಿಗೆ ಕಾಗದದ ಚೂರು ಸಿಕ್ಕಿಸಿ ಎಳೆದು ನೋಡುವುದು. ಕೊಂಚ ಬಿಗಿಯಾಯಿತು. ಬೇಕಾದರೆ ಅಂಚಿನ ಉಣ್ಣೆಪಟ್ಟಿಗೆ ಮುಖದ ಪೌಡರು ಉದುರಿಸಿ, ಎಣ್ಣೆ ಮಾತ್ರ ಮುಟ್ಟಿಸಬೇಡಿ ಎಂದು ಹೇಳಿಹೋದ. ಕೇಳಿಸಿಕೊಂಡವನು ನಾನೊಬ್ಬನೇ.

ನಿನ್ನ ಅವ್ವ ಆಗ ನಿನ್ನೊಡನೆ ಮಾತು ಬಿಟ್ಟಿದ್ದಳು. ಅವಳ ತಮ್ಮನನ್ನು ಒಲ್ಲೆನೆಂದು ನೀನು ಹುಳಿಯಾರಿನ ಮೇಷ್ಟ್ರನ್ನು ಒಪ್ಪಿದ್ದು ಅವಳಿಗೆ ಬಿಸಿತುಪ್ಪವಾಗಿತ್ತು. ಧಾರೆಯ ದಿನವೂ ಮುಖ ಕೊಟ್ಟು ಮಾತಾಡಲಿಲ್ಲ.

ಕಳೆದ ಮಾಘದಲ್ಲಿ ನೀನು ಹೊರಡುವ ಬೆಳಿಗ್ಗೆ ಮಂಜು ಕವಿದಿತ್ತು. ಮಡಿಲಕ್ಕಿ ತುಂಬಿ ಕೂರಿಸಿದ ಮೇಲೆ ಕಾರಿನ ಬಾಗಿಲು ತೆಗೆಯಬಾರದೆಂದು ಹಿರಿಯರ ಕಟ್ಟಪ್ಪಣೆ. ರಾಹುಕಾಲ ಬೇರೆ ಹತ್ತಿರ ಬರುತ್ತಿತ್ತು. ಆಗ ನಿನ್ನ ಅವ್ವ ಮನೆಯೊಳಗಿನಿಂದ ಓಡಿಬಂದಳು. ಗಾಜಿಗೆ ಗುದ್ದಿದಳು, ಕೂಗಿದಳು. ವಾಲಗದ ಸದ್ದಿನಲ್ಲಿ ಕಾರು ಹೊರಟುಹೋಯಿತು.

ಆಷಾಢದಲ್ಲಿ ಕಣ್ಣು ಮುಚ್ಚುವ ತನಕ ಅವಳದ್ದು ಒಂದೇ ಮಾತು: “ಗಾಜು ಕೂಡ ಇಳಿಸ್ಲಿಲ್ಲ ನೋಡ್ರೀ. ಅಷ್ಟೊಂದು ಬ್ಯಾಡವಾದ್ನಾ ನಾನು?”

ಮಣ್ಣಿಗೆ ಬಂದ ನೀನು ಹೇಳಿದ್ದು ಬೇರೆ: “ಹಿಡಿ ತಿರುಗಿಸ್ದೆ ಕಣಪ್ಪ, ಬರ್ಲಿಲ್ಲ. ಅವ್ವ ಗುದ್ದಿ ಗುದ್ದಿ ಶಾಪ ಹಾಕಿ ಕಳಿಸಿದ್ಲು. ಅದುಕ್ಕೇ ನಾನು ಈ ಕಡೆ ತಲೆ ಹಾಕ್ಲಿಲ್ಲ.”

ನಾನು ನಂಬಲಿಲ್ಲ. ನಿನ್ನನ್ನು ಬಿಟ್ಟು ಮಧ್ಯಾಹ್ನ ಮರಳಿದ ಕಾರಿನ ಗಾಜನ್ನು ನಾನೇ ತಿರುಗಿಸಿ ನೋಡಿದ್ದೆ. ಬೆಣ್ಣೆಯ ಹಾಗೆ ಇಳಿದಿತ್ತು. ಸರಕನ್ನು ಕೈಯಾರೆ ಮುಟ್ಟಿ ನೋಡಿದ ಮೇಲೆ ಇನ್ನೊಬ್ಬರ ಮಾತೇಕೆ ಎನ್ನುವ ವ್ಯಾಪಾರಿ ನಾನು. ಮಗಳು ಸುಳ್ಳು ಹೇಳುತ್ತಾಳೆ ಎಂದು ತೀರ್ಮಾನಿಸಿದೆ.

ನಿನ್ನೆ ರಹಮತುಲ್ಲಾ ಬಾಗಿಲಿನ ಒಳಹಲಗೆ ಬಿಚ್ಚಿ, ಉಣ್ಣೆಪಟ್ಟಿ ಕಿತ್ತು, ಉಗುರಿನಲ್ಲಿ ಕೆರೆದು ಮೂಸಿದ. ಧೂಳು ಕುಡಿದು ಮೇಣದ ಹಾಗೆ ಹೆಪ್ಪುಗಟ್ಟಿತ್ತು. “ಕೊಬ್ಬರಿ ಎಣ್ಣೆ ಕಣ್ರೀ. ಚಳೀಲಿ ಕಲ್ಲು, ಬಿಸಿಲಲ್ಲಿ ನೀರು. ಯಾರು ಬುಟ್ರು ಇದನ್ನ?” ಎಂದ.

ಯಾರೆಂದು ಆಗಲೇ ನೆನಪಾಯಿತು. ನೀನು ಹೊರಡುವ ಹಿಂದಿನ ಸಂಜೆ ನಿನ್ನ ಅವ್ವ ಎಣ್ಣೆ ಬಟ್ಟಲು ಹಿಡಿದು ಕಾರಿನ ಪಕ್ಕ ನಿಂತಿದ್ದಳು. ಏನೆಂದು ಕೇಳಿದ್ದಕ್ಕೆ, ಕಾರು ಹತ್ತಿದರೆ ಮಗಳಿಗೆ ವಾಂತಿ, ಗಾಳಿ ಬೇಕು, ಗಾಜು ಬಿಗಿ ಇದೆ ಎಂದು ಗೊಣಗಿದಳು. ಮದುವೆ ಮನೆಯ ಗಡಿಬಿಡಿಯಲ್ಲಿ ನಾನು ಹೂಂಗುಟ್ಟಿ ಮರೆತೆ. ನಮ್ಮ ಸೀಮೆಯಲ್ಲಿ ತಲೆಗೂ ಅದೇ ಎಣ್ಣೆ, ತೊಟ್ಟಿಲ ಕೀಲಿಗೂ ಅದೇ ಎಣ್ಣೆ. ಚಳಿಗಾಲದಲ್ಲಿ ದಿನಾ ಆ ಬಟ್ಟಲನ್ನು ಒಲೆಯ ಪಕ್ಕ ಇಟ್ಟು ಕರಗಿಸುತ್ತಿದ್ದವಳು ಅವಳೇ. ಗಾಜಿನ ವಿಷಯಕ್ಕೆ ಅದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಗುದ್ದಿದ್ದು ನೀನು ಗಾಜು ಇಳಿಸಲಿ ಎಂದು ಮಗಳೇ, ನಿನ್ನ ಮೇಲಿನ ಸಿಟ್ಟಿಗಲ್ಲ. ಕೂಗಿದ್ದನ್ನು ಪಕ್ಕದಲ್ಲೇ ನಿಂತು ಕೇಳಿದವನು ನಾನು. ನೀನು ಸುಳ್ಳಾಡಿದೆ ಎಂಬ ಕೋಪಕ್ಕೆ ಮಣ್ಣಿನ ದಿನ ಹೇಳದೆ ಇಟ್ಟುಕೊಂಡೆ. ಈಗ ನಿನ್ನದನ್ನು ನಿನಗೆ ಒಪ್ಪಿಸುತ್ತೇನೆ. “ನನ್ ಮ್ಯಾಲೆ ಸಿಟ್ಟಿದ್ರೆ ಇರ್ಲಿ ಕಣೇ, ಯುಗಾದಿಗೆ ಬಾ” ಎಂದಳು.

ಯುಗಾದಿಯ ದಿನ ಬೆಳಿಗ್ಗೆಯಿಂದ ದೀಪ ಹಚ್ಚುವ ತನಕ ಅವಳು ಹೊಸಿಲ ಮೇಲೆ ಕೂತಿದ್ದಳು. ಒಬ್ಬಟ್ಟು ಮುಟ್ಟಲಿಲ್ಲ.

ಅವಳ ಪಾಲಿನದ್ದನ್ನೂ ಸೇರಿಸಿ ಹರಸುತ್ತಿದ್ದೇನೆ. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಪ್ಪ,
ಸದಾಶಿವಯ್ಯ