ಅರ್ಧ ಬೆಲೆಗೆ ಸಿಕ್ಕ ಬೀಗಿತ್ತಿ

ಗುರುವಾರ, ಬೆಳಿಗ್ಗೆ
ವಸತಿಗೃಹದ ನೆಲಮಹಡಿ, ಬಟ್ಟೆ ಒಗೆಯುವ ಯಂತ್ರಗಳ ಎದುರಿನ ಬೆಂಚು

ನನ್ನ ಚಿನಕುರುಳಿಗೆ,

ಅಮ್ಮನ ಅಕ್ಕರೆಯ ನೆನಪುಗಳು. ಮೊದಲಿಗೆ ಒಂದು ಮಾತು. ಮೊನ್ನೆ ಸಂಜೆ ನನ್ನ ಫೋನಿನಿಂದ ನಿನಗೆ ಬಂದ ಮೆಸೇಜನ್ನು ದಯವಿಟ್ಟು ಅಳಿಸಿಬಿಡು. "ಈ ಸಂಬಂಧ ನಮಗೆ ಬೇಡ, ಹುಡುಗನಿಗೆ ಇಲ್ಲ ಅಂತ ಹೇಳಿಬಿಡು" ಎಂದು ಬರೆದವಳು ನಾನೇ, ಸುಳ್ಳು ಹೇಳುವುದಿಲ್ಲ. ಆದರೆ ಅದು ನಿನ್ನನ್ನು ಮುಟ್ಟುವ ಹೊತ್ತಿಗೆ ನನ್ನ ಮನಸ್ಸು ಪೂರ್ತಿ ತಿರುಗಿಬಿಟ್ಟಿತ್ತು. ನೀನು ಅದನ್ನು ಓದಿದ್ದೀ ಎಂದು ಫೋನು ತೋರಿಸುತ್ತಿದೆ. ಎಷ್ಟು ಸಲ ಕರೆ ಮಾಡಿದರೂ ನೀನು ಎತ್ತುತ್ತಿಲ್ಲ. ಅಮ್ಮನ ಮಾತು ಕೇಳಿ ಅವನಿಗೆ ಇಲ್ಲ ಎಂದೇ ಹೇಳಿಬಿಟ್ಟೆಯೋ ಏನೋ ಎಂದು ನನ್ನ ಜೀವ ಬಾಯಿಗೆ ಬಂದಿದೆ. ಹಾಸ್ಟೆಲಿನಲ್ಲಿದ್ದಾಗಲೂ ಸಿಟ್ಟು ಬಂದರೆ ನೀನು ಫೋನು ಇಟ್ಟುಬಿಡುತ್ತಿದ್ದೆ, ಕಾಗದ ಬರೆದರೆ ಮಾತ್ರ ಕೊನೆಯವರೆಗೂ ಓದುತ್ತಿದ್ದೆ. ಅದಕ್ಕೇ ಇಲ್ಲಿ ಕೂತು ಬರೆಯುತ್ತಿದ್ದೇನೆ. ಬರೆದು, ಹಾಳೆಗಳ ಫೋಟೋ ತೆಗೆದು ಕಳಿಸುತ್ತೇನೆ. ಅರ್ಧಕ್ಕೆ ಬಿಡಬೇಡ.

ಇದಕ್ಕೆಲ್ಲ ಮೂಲ ನೀನೇ ಎನ್ನುವುದನ್ನು ಮರೆಯಬೇಡ. ಛತ್ರದ ಮಾತು ಬಂದ ದಿನ ನಾನೂ ನಿನ್ನ ಅತ್ತೆಯಾಗಬೇಕಾದವರೂ ಮುಖ ಊದಿಸಿಕೊಂಡು ಎದ್ದೆವು ಅಂತ, "ಅಮ್ಮಂದಿರು ಹೊಂದ್ಕೊಳ್ಳದೇ ಇರೋ ಮದುವೆ ನಂಗೆ ಬೇಡ" ಎಂದು ಪಟ್ಟು ಹಿಡಿದವಳು ನೀನು. ಅವನೂ ನಿನ್ನ ತಾಳಕ್ಕೆ ಕುಣಿದ. ಇಬ್ಬರೂ ಸೇರಿ ಅಗ್ಗದ ಟಿಕೆಟ್ಟು, ಅಗ್ಗದ ಕೋಣೆ ಹುಡುಕಿ, ಒಂದು ವಾರ ಒಟ್ಟಿಗೆ ಇದ್ದು ಬನ್ನಿ, ಆಮೇಲೆ ಹೂಂ ಅನ್ನುತ್ತೀರೋ ಉಹೂಂ ಅನ್ನುತ್ತೀರೋ ನೋಡೋಣ ಎಂದು ನಮ್ಮನ್ನು ಪರದೇಶದ ವಿಮಾನ ಹತ್ತಿಸಿದಿರಿ. ನಿಮ್ಮಪ್ಪನೂ ಅವರ ಯಜಮಾನರೂ ಮೊದಲ ಭೇಟಿಯಲ್ಲೇ ಕುಚಿಕು ಗೆಳೆಯರಾದ್ದರಿಂದ ಅವರಿಗೆ ಈ ಶಿಕ್ಷೆ ಇಲ್ಲ.

ಊರು ಚೆನ್ನಾಗಿದೆ ಕಣೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ತಲೆ ಎತ್ತಿ ನೋಡಿದರೆ ಕುತ್ತಿಗೆ ಉಳುಕುವಂಥ ಗಾಜಿನ ಕಟ್ಟಡಗಳು, ಅವುಗಳ ಮಧ್ಯೆ ಮಧ್ಯೆ ಮಹಡಿ ಮಹಡಿಯಲ್ಲೂ ಗಿಡ ಬಳ್ಳಿ. ಟ್ರೇನಿಗೆ ಡ್ರೈವರೇ ಇಲ್ಲ, ಆದರೂ ಹೊತ್ತಿಗೆ ಸರಿಯಾಗಿ ಬಂದು ಬಾಗಿಲು ತೆರೆಯುತ್ತದೆ. ಹೊರಗೆ ಮಾತ್ರ ಇಸ್ತ್ರಿ ಪೆಟ್ಟಿಗೆಯ ಹಬೆಯಲ್ಲಿ ನಡೆದ ಹಾಗೆ. ಅಂಗಡಿಯ ತಂಪಿನಿಂದ ಬೀದಿಗೆ ಕಾಲಿಟ್ಟರೆ ಕನ್ನಡಕ ಮಂಜಾಗಿ ಏನೂ ಕಾಣುವುದಿಲ್ಲ, ಇಬ್ಬರೂ ನಿಂತು ಸೆರಗಿನಲ್ಲಿ ಒರೆಸಿಕೊಳ್ಳುತ್ತೇವೆ. ಶಾಲೆಯ ಮಕ್ಕಳು ಎದುರಾದಾಗಲೆಲ್ಲ ನನ್ನ ಕಣ್ಣು ಯೂನಿಫಾರ್ಮಿನ ಹೊಲಿಗೆಗೇ ಹೋಗುತ್ತದೆ. ಇಲ್ಲಿಯವರೂ ಬೆಳೆಯುವ ಮಕ್ಕಳೆಂದು ಲಂಗದ ಅಂಚನ್ನು ಒಳಗೆ ಅಗಲ ಮಡಚಿಯೇ ಹೊಲಿಯುತ್ತಾರೆ. ನೋಡಿ ಸಮಾಧಾನವಾಯಿತು.

ನೀವು ಹಿಡಿದ ಕೋಣೆಯ ವಿಷಯ ಕೇಳಬೇಡ. ಒಬ್ಬರು ಎದ್ದು ನಿಂತರೆ ಇನ್ನೊಬ್ಬರು ಮಂಚದ ಮೇಲೆ ಕಾಲು ಮಡಚಿಕೊಳ್ಳಬೇಕು. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಎ.ಸಿ. ಡಬ್ಬಗಳು ಮುಖಕ್ಕೇ ಬಿಸಿಗಾಳಿ ಊದುತ್ತವೆ. ದುಡ್ಡು ಉಳಿಯಲಿ ಎಂದು ನಾನು ಇಲ್ಲಿನ ಸಿಮ್ ಕೊಂಡಿಲ್ಲ. ವೈಫೈ ಇರುವುದು ಕೆಳಗೆ ಈ ಬಟ್ಟೆ ಯಂತ್ರಗಳ ಹತ್ತಿರ ಮಾತ್ರ, ಕೋಣೆಯವರೆಗೆ ಬರುವುದಿಲ್ಲ. ಇದನ್ನು ಗಮನದಲ್ಲಿಟ್ಟುಕೊ, ಮುಂದೆ ಇದರಿಂದಲೇ ಎಡವಟ್ಟಾಯಿತು.

ಕೋಣೆ ಹೇಗಾದರೂ ಇರಲಿ, ನನ್ನ ಸಂಕಟ ಬೇರೆಯೇ ಇತ್ತು. ಬೀಗರಾಗುವವರ ಮುಂದೆ ಕಡಿಮೆಯಾಗಿ ಕಾಣಬಾರದಲ್ಲ. ಯೂನಿಫಾರ್ಮ್ ಹೊಲಿಯುವವಳ ಮಗಳು ಅಂತ ನಾಳೆ ಅವರು ನಿನ್ನನ್ನು ಹಗುರವಾಗಿ ನೋಡಬಾರದು. ಹಾಗಂತ ಹೊರಡುವಾಗಲೇ ಗಟ್ಟಿ ಮಾಡಿಕೊಂಡಿದ್ದೆ. ವಿಮಾನ ನಿಲ್ದಾಣದ ಒಳಗಿಂದಲೇ ಊರ ನಡುವಿಗೆ ಟ್ರೇನು ಹೋಗುತ್ತದೆ ಎಂದು ನೀನು ಚಿತ್ರ ಬರೆದು ಕೊಟ್ಟಿದ್ದೆಯಲ್ಲ, ಅದನ್ನು ಕೈಯಲ್ಲಿ ಹಿಡಿದು ಹೊರಟವಳು, ಅವರು ಟ್ಯಾಕ್ಸಿ ಸಾಲಿನ ಕಡೆ ನೋಡುವುದನ್ನು ಕಂಡೆ. ಕೂಡಲೇ ನಿನ್ನ ಚಿತ್ರವನ್ನು ಚೀಲಕ್ಕೆ ತುರುಕಿ, "ಟ್ರೇನಲ್ಲಿ ಯಾಕೆ ಸುಮ್ನೆ ಒದ್ದಾಡೋದು, ಟ್ಯಾಕ್ಸೀಲೇ ಹೋಗೋಣ ಬನ್ನಿ" ಅಂದೆ. "ನಾನೂ ಅದನ್ನೇ ಹೇಳೋಣ ಅಂತಿದ್ದೆ" ಅಂದರು ಅವರು. ದಾರಿಯುದ್ದಕ್ಕೂ ನಾನು ಊರು ನೋಡಲಿಲ್ಲ, ಮೀಟರು ನೋಡಿದೆ.

ಮಾರನೆಯ ದಿನ ಅವರು ಒಂದು ಎತ್ತರದ ಕಟ್ಟಡದ ತುದಿಯ ಹೋಟೆಲಿಗೆ ಕರೆದುಕೊಂಡು ಹೋದರು. ಅಲ್ಲಿ ಹಣ್ಣಿನ ರಸದ ಬೆಲೆ ಕಂಡು ನನಗೆ ಗಂಟಲೇ ಒಣಗಿತು. ಕುಡಿದದ್ದಾಯಿತು, ಬಿಲ್ಲು ಬಂತು. ನಾನು ಕೊಡ್ತೀನಿ ಅಂತ ನಾನು, ನೀವು ಕೊಟ್ರೆ ನಂಗೆ ಬೇಜಾರು ಅಂತ ಅವರು. ಎಳೆದಾಟದಲ್ಲಿ ಬಿಲ್ಲು ಎರಡು ತುಂಡಾಯಿತು. ಬಡಿಸುವ ಹುಡುಗಿ ಮುಖದಲ್ಲಿ ನಗು ತೋರಿಸದೆ ಇನ್ನೊಂದು ಬಿಲ್ಲು ತಂದು ಮಧ್ಯದಲ್ಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಕೊನೆಗೆ ಗೆದ್ದವಳು ನಾನು. ಅಂಥ ಗೆಲುವು ಶತ್ರುವಿಗೂ ಬೇಡ.

ಹೀಗೆಯೇ ನಡೆಯಿತು ನೋಡು. ಅವರು ಒಂದು ಅಂದರೆ ನಾನು ಎರಡು. ಅವರು ಸೊಗಸಾದ ದೋಣಿ ಅಂದರೆ ನಾನು ಮೇಲಿನ ಅಂತಸ್ತಿನ ಆಸನ ಅಂದೆ. ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿದ್ದರಿಂದ ಮಧ್ಯಾಹ್ನಕ್ಕೂ ಆಗುವಷ್ಟು ಬ್ರೆಡ್ಡು, ಬಾಳೆಹಣ್ಣು ತಿನ್ನುತ್ತಿದ್ದೆ. ಅವರೂ ಹಾಗೇ ತಿನ್ನುತ್ತಿದ್ದರು. ಇಲ್ಲಿನ ಹವೆಗೆ ಹಸಿವು ಜಾಸ್ತಿ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು.

ಮೊನ್ನೆ ಮಧ್ಯಾಹ್ನ ನನ್ನ ಕೈ ಖಾಲಿಯಾಗುವ ಲಕ್ಷಣ ಕಂಡಿತು. ನಿನಗೊಂದು ಸಂಗತಿ ಹೇಳಿಲ್ಲ. ಅವರು ಕೇಳಿದ ದೊಡ್ಡ ಛತ್ರಕ್ಕೆ ಮುಂಗಡ ಕೊಡಲು ಬಟ್ಟೆಯ ಅಂಚು ಬಿಚ್ಚದಂತೆ ಹೊಲಿಯುವ ನನ್ನ ಓವರ್‌ಲಾಕ್ ಮಶೀನನ್ನು ಮಾರಲು ಮಾತಾಡಿಟ್ಟಿದ್ದೆ. ಅದಿಲ್ಲದೆ ಜೂನ್ ತಿಂಗಳ ಯೂನಿಫಾರ್ಮ್ ಹೇಗೆ ಹೊಲಿಯುವುದು ಎಂದು ಯೋಚಿಸಿರಲೇ ಇಲ್ಲ. ಕೋಣೆಯಲ್ಲಿ ಒಬ್ಬಳೇ ಕೂತಿದ್ದಾಗ ಅದೆಲ್ಲ ಒಟ್ಟಿಗೆ ನೆನಪಾಗಿ ಅಳು ಬಂತು. ಇಷ್ಟು ಧಾರಾಳ ಕೈಯವರ ಮನೆಯಲ್ಲಿ, ಬೆಲೆ ಕೇಳದೆ ಒಂದು ಪಿನ್ನೂ ಕೊಳ್ಳದ ನನ್ನ ಮಗಳು ದಿನವೂ ಕುಗ್ಗಿ ಬಾಳಬೇಕಾಗುತ್ತದೆ ಅನಿಸಿತು. ಆಗಲೇ ಆ ಮೆಸೇಜು ಬರೆದು ಒತ್ತಿದ್ದು. ನೆಟ್ ಇರಲಿಲ್ಲ, ಹೋಗಲಿಲ್ಲ. ಹೋಗದಿದ್ದದ್ದೂ ಒಳ್ಳೆಯದೇ, ಇನ್ನೊಮ್ಮೆ ಯೋಚಿಸಿ ಕೆಳಗೆ ಹೋಗಿ ಕಳಿಸೋಣ ಎಂದುಕೊಂಡು ಫೋನನ್ನು ಚೀಲಕ್ಕೆ ಹಾಕಿದೆ.

ಅಷ್ಟರಲ್ಲಿ ಅವರು ಸ್ನಾನ ಮುಗಿಸಿ ಬಂದರು. ಸಂಜೆ ಎಲ್ಲಿಗೆ ಊಟಕ್ಕೆ ಎಂದು ಕೇಳುವ ಮೊದಲೇ ನಾನು, ಬೀದಿಯ ಕೊನೆಯವರೆಗೆ ಸುಮ್ಮನೆ ಕಾಲಾಡಿಸಿ ಬರುತ್ತೇನೆ, ಹಸಿವಿಲ್ಲ ಅಂದೆ. ಅವರಿಗೂ ತಲೆನೋವಂತೆ. ಮಾತ್ರೆ ನುಂಗಿ ಮಲಗುತ್ತೇನೆ, ನನಗೂ ಊಟ ಬೇಡ ಅಂದರು. ಔಷಧಿ ಅಂಗಡಿ ನಡೆಸುವವರು, ಚೀಲದ ತುಂಬ ಮಾತ್ರೆ ಇಟ್ಟುಕೊಂಡಿರುತ್ತಾರೆ. ನಾನು ನಂಬಿದೆ.

ಇಲ್ಲೊಂದು ದೊಡ್ಡ ಮಾಲ್ ಇದೆ. ಅದರ ನೆಲಮಾಳಿಗೆಯಲ್ಲಿ ಸಿದ್ಧ ಅಡುಗೆಯ ಡಬ್ಬಗಳನ್ನು ಮಾರುತ್ತಾರೆ. ಕತ್ತಲಾಗುವ ಹೊತ್ತಿಗೆ ಒಬ್ಬ ಕೆಲಸಗಾರ ಬಂದು ಉಳಿದ ಡಬ್ಬಗಳಿಗೆಲ್ಲ ಅರ್ಧ ಬೆಲೆಯ ಹಳದಿ ಚೀಟಿ ಅಂಟಿಸುತ್ತಾನೆ. ಇದನ್ನು ನಾನು ಮೊದಲ ದಿನವೇ ಓರೆಗಣ್ಣಿನಲ್ಲಿ ನೋಡಿಟ್ಟುಕೊಂಡಿದ್ದೆ. ಆಫೀಸು ಬಿಟ್ಟು ಬಂದವರು, ಗಾರೆ ಕೆಲಸದವರು, ಅಜ್ಜಿಯರು ಎಲ್ಲರೂ ಏನೂ ಗೊತ್ತಿಲ್ಲದವರ ಹಾಗೆ ಅತ್ತಿತ್ತ ಸುಳಿದಾಡುತ್ತ ಅವನಿಗೆ ಕಾಯುತ್ತಿರುತ್ತಾರೆ. ನಾನೂ ಸುಳಿದಾಡಿದೆ. ಅವನು ಅನ್ನ, ಸೊಪ್ಪು, ಹುರುಳಿಕಾಯಿ ಇದ್ದ ಡಬ್ಬಕ್ಕೆ ಚೀಟಿ ಒತ್ತಿದ. ನಾನು ಕೈ ಹಾಕಿದೆ. ಅದೇ ಗಳಿಗೆಗೆ ಇನ್ನೊಂದು ಕೈ ಆ ಡಬ್ಬದ ಆಚೆ ತುದಿಯನ್ನು ಹಿಡಿಯಿತು. ನಾನು ಬಿಡಲಿಲ್ಲ, ಆ ಕೈಯೂ ಬಿಡಲಿಲ್ಲ. ತಲೆ ಎತ್ತಿದರೆ ನಿನ್ನ ಅತ್ತೆ.

ನಾನು, "ತಲೆನೋವು ಹೇಗಿದೆ" ಅಂತ ಕೇಳಿದೆ. "ಅರ್ಧ ಕಡಿಮೆ ಆಗಿದೆ" ಅಂದರು ಅವರು, ಹಳದಿ ಚೀಟಿಯನ್ನೇ ನೋಡುತ್ತ. ಚಿನಕುರುಳಿ, ನಾವು ಹೇಗೆ ನಕ್ಕೆವು ಅಂತೀ. ಆ ಚೀಟಿಯವನು ಹೆದರಿ ನಮ್ಮಿಬ್ಬರಿಗೂ ಒಂದೊಂದು ಡಬ್ಬ ತೆಗೆದುಕೊಟ್ಟ. ಅವರು ಎರಡನ್ನೂ ತಿರುಗಿಸಿ ತಿರುಗಿಸಿ ದಿನಾಂಕ ನೋಡಿದ ಮೇಲೇ ಬುಟ್ಟಿಗೆ ಹಾಕಿದರು. "ಅಂಗಡಿ ಅಭ್ಯಾಸ ಕಣ್ರೀ, ಹಾಲಿನ ಪ್ಯಾಕೆಟ್ಟೂ ಡೇಟ್ ನೋಡ್ದೆ ಒಡೆಯಲ್ಲ" ಅಂದರು. ನನಗೆ ಅವರ ಮೇಲೆ ತುಂಬ ಪ್ರೀತಿ ಬಂತು.

ಮಾಲಿನ ಹೊರಗಿನ ಮೆಟ್ಟಿಲ ಮೇಲೆ ಕೂತು ತಿಂದೆವು. ಆಗ ಎಲ್ಲ ಹೊರಗೆ ಬಂತು. ಅವರು ಟ್ಯಾಕ್ಸಿಯ ಕಡೆ ನೋಡಿದ್ದು ದರದ ಫಲಕ ಓದಿ ದಂಗಾಗಿ. ಎತ್ತರದ ಹೋಟೆಲಿಗೆ ಕರೆದದ್ದು, ಟ್ಯಾಕ್ಸಿ ಬಿಟ್ಟು ಓಡಾಡದ ನನಗೆ ಬೀದಿಯ ಅಂಗಡಿ ಹಿಡಿಸದು ಎಂದುಕೊಂಡು. ಛತ್ರದ ಕಥೆಯೂ ಅದೇ. ಅವತ್ತು ಎಷ್ಟು ಜನ ಆಗಬಹುದು ಎಂದು ಅವರು ಕೇಳಿದಾಗ ನಾನು ಬಡಾಯಿಗೆ ನಮ್ಮ ಕಡೆಯವರೇ ಸಾವಿರ ಅಂದೆನಲ್ಲ, ಅದಕ್ಕೇ ಅವರು ದೊಡ್ಡ ಛತ್ರ ಅಂದದ್ದು. ಆ ಖರ್ಚನ್ನು ತೂಗಿಸಲು ಔಷಧಿ ಅಂಗಡಿಯ ಮುಂಭಾಗವನ್ನು ಮೊಬೈಲ್ ರಿಪೇರಿಯವನಿಗೆ ಬಿಟ್ಟುಕೊಡಲು ಮಾತಾಡಿದ್ದರಂತೆ. ನನ್ನ ಮಶೀನಿನ ವಿಷಯ ಕೇಳಿ ಅವರು ಸೊಪ್ಪು ಚಮಚದಲ್ಲೇ ಬಿಟ್ಟು, "ಅಲ್ರೀ, ಅನ್ನ ಕೊಡೋ ಮಶೀನು ಮಾರಿ ಊಟ ಹಾಕಿಸ್ತಾರಾ ಯಾರಾದ್ರೂ" ಎಂದು ನನ್ನನ್ನು ಗದರಿಸಿದರು. ಗದರಿಸಿಕೊಂಡು ಅಷ್ಟು ಹಾಯೆನಿಸಿದ್ದು ನನಗೆ ಇದೇ ಮೊದಲು. ಮದುವೆ ಮನೆಯ ಮುಂದೆಯೇ ಆಗಲಿ, ಹತ್ತಿರದವರು ಸಾಕು, ಎಂದು ಅಲ್ಲೇ ತೀರ್ಮಾನವಾಯಿತು. ನೀವಿಬ್ಬರೂ ಮೊದಲಿಂದ ಕೇಳುತ್ತಿದ್ದದ್ದೂ ಅದನ್ನೇ.

ಕೋಣೆಗೆ ಬಂದು ಫೋನು ತೆಗೆದರೆ ಮೆಸೇಜು ಹೋಗಿಬಿಟ್ಟಿದೆ. ಮಾಲಿನಲ್ಲಿ ಪುಕ್ಕಟೆ ವೈಫೈ ಇದೆ, ಮೊದಲ ದಿನ ಅಲ್ಲಿಗೆ ಹೋದಾಗ ಫೋನನ್ನು ಅದಕ್ಕೆ ಸೇರಿಸಿದ್ದೆ. ನಾವಿಬ್ಬರೂ ಡಬ್ಬ ಹಿಡಿದು ನಗುತ್ತಿದ್ದಾಗಲೇ, ಚೀಲದೊಳಗಿಂದ ಆ ಹಾಳು ಮೆಸೇಜು ತಾನಾಗಿಯೇ ನಿನ್ನ ಹತ್ತಿರ ಹೋಗಿ ಕೂತಿತ್ತು. ದುಡ್ಡು ಉಳಿಸಲು ಹೋಗಿ ಆದ ಎಡವಟ್ಟು ಇದು.

ನಿನ್ನೆ ಇಡೀ ದಿನ ಬಸ್ಸಿನಲ್ಲೇ ಊರು ಸುತ್ತಿದೆವು. ಎರಡಂತಸ್ತಿನ ಬಸ್ಸಿನ ಮೇಲೆ, ಮುಂದಿನ ಸೀಟಿನಲ್ಲಿ ಕೂತರೆ ಮರದ ಕೊಂಬೆಗಳು ಗಾಜಿಗೆ ಬಡಿದು ಹಿಂದೆ ಹೋಗುತ್ತವೆ. ಬಿಸಿಲೇರಿದ ಮೇಲೆ ಸಾರ್ವಜನಿಕ ಗ್ರಂಥಾಲಯದ ತಂಪಿನಲ್ಲಿ ಚಿತ್ರದ ಪುಸ್ತಕ ತಿರುವಿಹಾಕಿದೆವು, ಅವರು ಅಲ್ಲೇ ಗೊರಕೆ ಹೊಡೆದರು. ಕೆಲಸಕ್ಕೆ ಹೋಗುವವರು ಹತ್ತುವ ಸಾದಾ ದೋಣಿಯಲ್ಲಿ ನದಿ ದಾಟಿ, ಆ ದಡದಲ್ಲಿ ಇಳಿಯದೆ ಅದರಲ್ಲೇ ವಾಪಸ್ಸು ಬಂದೆವು. ಮೊದಲ ದಿನಗಳ ಖರ್ಚಿನಲ್ಲಿ ಸಿಗದ ಖುಷಿ ನಿನ್ನೆ ಸಿಕ್ಕಿತು. ನಡುನಡುವೆ ನಿನ್ನದೇ ನೆನಪು. ವೈಫೈ ಸಿಕ್ಕಲ್ಲೆಲ್ಲ ನೀರು ಕುಡಿದು ಬರುತ್ತೇನೆ ಎಂದು ಹೇಳಿ ಹೋಗಿ ನಿನಗೆ ಕರೆ ಮಾಡಿದೆ. ಅವರಿಗೆ ಈ ವಿಷಯ ಹೇಳಲು ನನಗೆ ಬಾಯಿ ಬಂದಿಲ್ಲ. ಅಷ್ಟು ನಕ್ಕ ಮೇಲೆ, ಅದೇ ಮಧ್ಯಾಹ್ನ ನಿಮ್ಮ ಮಗನನ್ನು ಬೇಡ ಅಂದಿದ್ದೆ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ.

ಅವನನ್ನು ಬಿಡಬೇಡ ಮಗಳೇ. ಅವನಿಗೆ ಇಲ್ಲ ಅಂದಿದ್ದರೆ, ತಪ್ಪು ಅಮ್ಮನದು ಎಂದು ಹೇಳಿ ಹೂಂ ಅನ್ನು. ಅವನು ಒಪ್ಪದಿದ್ದರೆ ನಾನೇ ಬಂದು ಅವನ ಕೈ ಹಿಡಿದು ಕೇಳಿಕೊಳ್ಳುತ್ತೇನೆ. ಇಂಥ ಅತ್ತೆ ನಿನಗೆ ಸಿಗುವುದಿಲ್ಲ, ಇಂಥ ಬೀಗಿತ್ತಿ ನನಗಂತೂ ಸಿಗುವುದೇ ಇಲ್ಲ.

ನಿನ್ನ ಒಂದು ಹೂಂಗಾಗಿ ಕಾದು ಕೂತಿರುವ,
ಅಮ್ಮ

ಮರೆತ ಮಾತು: ಇಷ್ಟು ಬರೆದು ಫೋಟೋ ತೆಗೆಯುವಷ್ಟರಲ್ಲಿ ಅವರು ಒಗೆಯುವ ಬಟ್ಟೆ ಹಿಡಿದು ಕೆಳಗೆ ಬಂದರು. ಮುಖ ಸಪ್ಪಗಿತ್ತು. ಏನಾಯಿತು ಎಂದು ಕೇಳಿದರೆ ಬೆಂಚಿನ ಮೇಲೆ ಕುಸಿದು ಕೂತು, "ನಿಮ್ಗೆ ಹೇಗೆ ಹೇಳ್ಲಿ, ಮೊನ್ನೆ ಮಾಲಿಗೆ ಬರೋ ಮುಂಚೆ ನಾನೊಂದು ಅನಾಹುತ ಮಾಡ್ಬಿಟ್ಟಿದ್ದೀನಿ" ಎಂದು ಅಳುವುದಕ್ಕೇ ಶುರುಮಾಡಿದರು. "ಹುಡುಗಿ ಬಂಗಾರ, ಆದರೆ ಅವಳಮ್ಮನ ದುಂದುಗಾರಿಕೆಗೆ ನಮ್ಮ ಕೈ ಸಾಲದು, ಬೇಡ ಅಂದುಬಿಡು" ಎಂದು ಮಗನಿಗೆ ಮೆಸೇಜು ಹಾಕಿದ್ದರಂತೆ. ನಾನು ಈ ಹಾಳೆಗಳನ್ನು ಅವರ ಕೈಗೆ ಕೊಟ್ಟೆ. ಈಗ ಓದಿ ಮುಗಿಸಿದರು. ಅವನೂ ಮೊನ್ನೆಯಿಂದ ಫೋನು ಎತ್ತುತ್ತಿಲ್ಲವಂತೆ. ಅಂದರೆ ನೀವಿಬ್ಬರೂ ಎರಡು ಮೆಸೇಜನ್ನೂ ಜೊತೆಗಿಟ್ಟುಕೊಂಡು ಓದಿ, ಎಲ್ಲೋ ಒಟ್ಟಿಗೆ ಕೂತು ನಮ್ಮನ್ನು ಕುಣಿಸುತ್ತಿದ್ದೀರಿ. ಸಾಕು, ಬುದ್ಧಿ ಬಂತು. ಇಬ್ಬರಲ್ಲಿ ಯಾರಾದರೂ ಫೋನು ಮಾಡಿ. ಇಬ್ಬರಿಗೂ ಬೇರೆ ಬೇರೆ ಮಾಡಬೇಡಿ, ನಾವು ಒಂದೇ ಬೆಂಚಿನ ಮೇಲೆ ಕೂತಿದ್ದೇವೆ, ಒಂದೇ ಕರೆ ಸಾಕು.