ರೊಟ್ಟಿ ಇಟ್ಟ ಬೆಂಚು

ಗಿಸ್ಬೋರ್ನ್, ಮಂಗಳವಾರ

ಹುಹಾನಾ ಅತ್ತೆಗೆ,

ಸಭಾಮನೆಯ ಹಿರಿಯರಿಗೆಂದು ನನ್ನ ಸ್ಟುಡಿಯೋದಲ್ಲಿ ವರ್ಷವಿಡೀ ಕೂತು ನಾನು ಮಾಡಿದ ಬೆಂಚಿನ ಮೇಲೆ ಮೊನ್ನೆ ನೀವು ರೊಟ್ಟಿಯ ತಟ್ಟೆ ಇಟ್ಟುಬಿಟ್ಟಿರಿ. "ಅಯ್ಯೋ, ಮೇಜು ಅಂದ್ಕೊಂಡೆ ಕಣೋ! ಊಟ ಇಟ್ಟ ಕಡೆ ಕೂರಬಾರ್ದು ಅನ್ನೋ ನಮ್ಮೋರು ಇನ್ನು ಇದರ ಮೇಲೆ ಕೂರ್ತಾರಾ?" ಎಂದು ಕಣ್ಣೊರೆಸಿಕೊಂಡಿರಿ. ನಾನು ತಟ್ಟನೆ ವ್ಯಾನ್ ಹತ್ತಿ ಹೊರಟುಬಿಟ್ಟೆ.

ಅದು ಸಿಟ್ಟಲ್ಲ ಅತ್ತೆ. ಬೆಂಚಿನ ನಡುವಿನ ಕಾಲು ಕೂಡುವ ಕಡೆ ಟೋಟರಾ ಮರದ ಹಲಗೆ ಸೀಳಿತ್ತು. ಅಂಟು ತುಂಬಿ, ಮೇಲೆ ಕೆತ್ತನೆ ಮಾಡಿ ಮುಚ್ಚಿದ್ದೆ. ಆ ಹಿರಿಯರಲ್ಲೊಬ್ಬರಾದ ರುವಾ ಮಾವ ತಮ್ಮ ಭಾರೀ ಮೈಯನ್ನು ಅದರ ಮೇಲೆ ಇಳಿಸುವ ಗಳಿಗೆ ನೆನೆದರೆ ತುತ್ತು ಇಳಿಯುತ್ತಿರಲಿಲ್ಲ. ಈಗ ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ.

ಅದು ಮೇಜಾಗಿಯೇ ಇರಲಿ. ಶನಿವಾರ ಎತ್ತರದ ಕಾಲು ತರುತ್ತೇನೆ, ಅಡುಗೆಮನೆಯಲ್ಲಿ ಜಾಗ ಮಾಡಿಡಿ. ಹಿರಿಯರಿಗೆ ಗಟ್ಟಿ ಹಲಗೆಯ ಹೊಸ ಬೆಂಚು ಶುರುಮಾಡಿದ್ದೇನೆ.

ಮೊದಲನೆಯದನ್ನು ಸಭಾಮನೆಗೆ ಒಯ್ಯದೆ ರೊಟ್ಟಿ ಸುಡುವ ಹೊತ್ತಿಗೆ ಸರಿಯಾಗಿ ನಿಮ್ಮ ಅಡುಗೆಮನೆ ಬಾಗಿಲಲ್ಲೇ ಯಾಕೆ ಇಳಿಸಿದೆ ಅಂತ ಮಾತ್ರ ಕೇಳಬೇಡಿ.

ನಿಮ್ಮ
ತೀಪೆನೆ