ಮೂರು ತೋಟಾಗಳ ಬಗ್ಗೆ ನೀನು ಕೇಳಿದ್ದಕ್ಕೆ

ಲಗ್ಗೆರೆ, ಬೆಂಗಳೂರು
೧೫ ಡಿಸೆಂಬರ್ ೨೦೨೪, ಭಾನುವಾರ

ಗೆಳೆಯ ಶಂಭುಲಿಂಗಪ್ಪನಿಗೆ ಸುಬ್ರಮಣಿಯ ನಮಸ್ಕಾರ.

ನಿನ್ನ ವಾಯ್ಸ್ ಮೆಸೇಜ್ ಬಂದು ಹತ್ತು ಹನ್ನೆರಡು ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಕೆಲಸವಿತ್ತು ಎಂದು ಬರೆಯಬಹುದು, ಆದರೆ ಬಸವೇಶ್ವರನಗರದ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್‌ಗೆ ಎಂಥ ಕೆಲಸವಿರುತ್ತದೆ ಎಂದು ನಿನಗೆ ಗೊತ್ತು. ಮೊಬೈಲಿನಲ್ಲೇ ತಿಳಿಸೋಣವೆಂದರೆ, ಗುಂಡು, ತೋಟಾ, ರೈಫಲ್ಲು ಎಂದೆಲ್ಲ ಒತ್ತಿ ಕಳಿಸಿದರೆ ಎಲ್ಲಿ ಯಾರು ಓದಿ, ಮನೆ ಬಾಗಿಲಿಗೆ ಪೊಲೀಸರು ಬಂದು ನಿಲ್ಲುತ್ತಾರೋ ಎಂಬ ಭಯ. ಅದಕ್ಕೆ ಜ್ಯೋತಿಲಕ್ಷ್ಮಿ, "ನಿಮ್ಮನ್ನ ಹಿಡ್ಕೊಂಡ್ ಹೋಗಿ ಅವ್ರೇನ್ ಮಾಡ್ತಾರೆ? ಸ್ಟೇಷನ್ ಬೀಗ ಸರಿಯಾಗ್ ಹಾಕಿದೀರಾ ಅಂತ ಕೇಳಿ ಕೇಳಿ ಅವ್ರನ್ನೇ ಸಾಯಿಸ್ತೀರ" ಎಂದಳು. ಇತ್ತೀಚೆಗೆ ಅವಳು ನನ್ನ ಜೊತೆ ಆಡುವ ಮಾತೆಂದರೆ ಇಂಥದ್ದೇ, ಉಳಿದದ್ದು ಪಾತ್ರೆಗಳ ಸದ್ದು. ಕಾಗದವಾದರೆ ಬರೆದದ್ದನ್ನು ಹರಿದುಹಾಕಿ ಮತ್ತೆ ಬರೆಯಬಹುದು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನ ಕನ್ನಡ, ತಪ್ಪಿದ್ದರೆ ತಿದ್ದಿಕೊಂಡು ಓದು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಬರೆದಿದ್ದೇನೆಂದು ತಿಳಿದುಕೋ. ನಿನ್ನ ಮನೆಯಲ್ಲಿ ಬಸವರಾಜೇಶ್ವರಿಯವರ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಿಸಬೇಡ ಅವರನ್ನು.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ರೈಫಲ್ ಮಾಡುವ ಹೊಸ ಕಂಪನಿಯವರು ನಿನ್ನನ್ನು ಸಲಹೆಗಾರನಾಗಿ ಇಟ್ಟುಕೊಂಡಿದ್ದಾರೆ, ಸಂತೋಷ. ಬಹಳ ದೂರದ ಗುರಿಗೆ ಯಾವ ತೋಟಾ ಒಳ್ಳೆಯದು, ಸೆವೆನ್ ಸಿಕ್ಸ್‌ಟೂನೋ, ತ್ರೀ ಥರ್ಟಿಯೇಟೋ, ಎಲ್ಲಕ್ಕಿಂತ ದೊಡ್ಡದಾದ ಫಿಫ್ಟಿಯೋ ಎಂದು ಜನವರಿಯಲ್ಲಿ ನೀನು ಅವರ ಮುಂದೆ ಮಾತಾಡಬೇಕು. "ಫಿಫ್ಟಿ ಅಂದ್ರೆ ನಮ್ ಸಾಹೇಬ್ರಿಗೆ ಖುಷಿ ಕಣೋ ಸುಬ್ಬು, ಏನಂತೀಯ? ನೀನ್ ಕಣ್ಣಲ್ಲಿ ನೋಡಿರೋದು ನಂಗ್ ಬೇಕು" ಎಂದಿದ್ದೀಯ. ಆ ಮಾತನ್ನು ಮೂರು ನಾಲ್ಕು ಸಲ ಹಾಕಿಕೊಂಡು ಕೇಳಿದೆ. ಇನ್ನೇನಾದರೂ ಹೇಳಿದ್ದೀಯೇನೋ, ನನ್ನ ಕಿವಿಯೇ ತಪ್ಪಿಸಿತೇನೋ ಎಂದು.

ಮಿಲಿಟರಿಯಲ್ಲಿದ್ದಾಗ ಟ್ರಯಲ್‌ನಲ್ಲಿ ಮೂರನ್ನೂ ಹೊಡೆದವನು ನೀನು. ಪಕ್ಕದಲ್ಲಿ ಮಲಗಿ, ದೊಡ್ಡ ದುರ್ಬೀನಿನಲ್ಲಿ ಗುಂಡು ಹೋಗುವ ದಾರಿ ನೋಡಿ, ಗಾಳಿ ಎಷ್ಟು ಎಂದು ಹೇಳಿದವನು ನಾನು. ಹೊಡೆದವನಿಗೆ ಭುಜಕ್ಕೆ ಬಿದ್ದ ಪೆಟ್ಟು ನೆನಪಿರುತ್ತದೆ, ನೋಡಿದವನಿಗೆ ಗುಂಡು ಎಲ್ಲಿ ಬಿತ್ತು ಎಂಬುದು.

ಸೆವೆನ್ ಸಿಕ್ಸ್‌ಟೂ ಎಂಟುನೂರು ಮೀಟರಿನವರೆಗೆ ಹೇಳಿದ ಮಾತು ಕೇಳುತ್ತದೆ. ಹೊರಲು ಹಗುರ, ಭುಜಕ್ಕೂ ಹಿತ. ಅದರಾಚೆ ಉಸಿರು ಮುಗಿಯುತ್ತದೆ. ಶಬ್ದದ ವೇಗಕ್ಕಿಂತ ಕೆಳಗಿಳಿಯಿತೋ, ಕುಡಿದವನ ಹಾಗೆ ತೂರಾಡುತ್ತದೆ. ಆಮೇಲೆ ನಾನು ಗಾಳಿಯನ್ನು ಎಷ್ಟು ಸರಿಯಾಗಿ ಹೇಳಿದರೂ ಉಪಯೋಗವಿಲ್ಲ.

ಫಿಫ್ಟಿಯನ್ನು ಮೇಜಿನ ಮೇಲೆ ನಿಲ್ಲಿಸಿದರೆ ನೋಡಿದವರು ಬಾಯಿ ಬಿಡುತ್ತಾರೆ. ದೂರ ಹೋಗುತ್ತದೆ, ಲಾರಿಯ ಇಂಜಿನ್ನನ್ನೇ ಒಡೆಯುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಅದು ಮೂಲದಲ್ಲಿ ಮೆಷಿನ್‌ಗನ್ನಿನ ತೋಟಾ. ಒಂದೇ ಪೆಟ್ಟಿಗೆಯಿಂದ ತೆಗೆದ ರೌಂಡುಗಳು ಒಂದೊಂದು ಒಂದೊಂದು ಕಡೆ ಹೋದದ್ದನ್ನು ನಾನು ನೋಡಿದ್ದೇನೆ. ಪ್ರತಿ ಸಲವೂ ನೀನು "ನಂದೇ ಮಿಸ್ಟೇಕು" ಎಂದು ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದೆ. ನಿನ್ನದಲ್ಲ, ತೋಟಾದ್ದು. ಗುರಿಗೆಂದೇ ಅಳೆದು ತುಂಬಿದ ರೌಂಡು ಸಿಕ್ಕರೆ ಬೇರೆ ಮಾತು. ಅದೂ ಅಲ್ಲದೆ ರೈಫಲ್ಲಿನ ಭಾರ, ಹೊಡೆದ ಕೂಡಲೇ ಏಳುವ ಧೂಳು. ನಾವು ಇಲ್ಲಿದ್ದೇವೆ ಬನ್ನಿ ಎಂದು ಎದುರು ಬೆಟ್ಟದವರನ್ನು ಕೂಗಿ ಕರೆದ ಹಾಗೆ.

ತ್ರೀ ಥರ್ಟಿಯೇಟ್ ಇವೆರಡರ ನಡುವಿನದು, ದೂರದ ಗುರಿಗೆಂದೇ ಹುಟ್ಟಿದ್ದು. ಸಾವಿರದ ಇನ್ನೂರು ಮೀಟರಿನಲ್ಲೂ ಗುಂಡು ನೆಟ್ಟಗಿರುತ್ತದೆ, ಗಾಳಿಗೆ ಅಷ್ಟಾಗಿ ಬಾಗುವುದಿಲ್ಲ, ಇಬ್ಬರೇ ಹೊತ್ತು ಬೆಟ್ಟ ಹತ್ತಬಹುದು. ಬ್ಯಾರಲ್ ಬೇಗ ಸವೆಯುತ್ತದೆ, ರೌಂಡು ದುಬಾರಿ. ಆದರೂ ನನ್ನ ಓಟು ಅದಕ್ಕೇ. ಸಾಹೇಬರಿಗೆ ಖುಷಿಯಾಗಲಿ ಎಂದು ಫಿಫ್ಟಿ ಎನ್ನಬೇಡ. ನಾಳೆ ಅದನ್ನು ಹೊತ್ತು ಯಾವುದೋ ಬೆಟ್ಟದ ಮೇಲೆ ಮಲಗುವವರು ಇನ್ಯಾರದೋ ಮನೆಯ ಮಕ್ಕಳು. ಆ ಚಿಂತೆಗೇ ಇಷ್ಟು ಬರೆದೆ. ಇಲ್ಲದಿದ್ದರೆ ಬರೆಯುತ್ತಿರಲಿಲ್ಲ.

ಇದಿಷ್ಟು ನೀನು ಕೇಳಿದ್ದು. ಇನ್ನು ನೀನು ಕೇಳದೆ ಬಿಟ್ಟದ್ದು.

ಕಾರ್ತಿಕದಲ್ಲಿ ನಾನೂ ಜ್ಯೋತಿಲಕ್ಷ್ಮಿಯೂ ಹಣ್ಣು ಹೂವು ಹಿಡಿದು ಚಂದ್ರಾ ಲೇಔಟಿನ ನಿನ್ನ ಮನೆಗೆ ಬಂದೆವು. ನನ್ನ ಚೇತನಾ, ನಿನ್ನ ನಾಗಭೂಷಣ್ ಮದುವೆಯಾಗಬೇಕೆಂದು ಮಾತಾಡಿಕೊಂಡಿದ್ದು ನಿನಗೂ ಗೊತ್ತಿತ್ತು. ಹೆಣ್ಣಿನ ಕಡೆಯವರೇ ಮೊದಲು ಹೋಗುವುದು ಹೇಗೆ ಎಂದು ಜ್ಯೋತಿಲಕ್ಷ್ಮಿ ಹಿಂದೆಮುಂದೆ ನೋಡಿದಳು. "ಶಂಭು ಮನೆಗ್ ಹೋಗೋಕೆ ಯಾವ ಶಾಸ್ತ್ರ ಕಣೇ" ಎಂದು ನಾನೇ ಹೊರಡಿಸಿದೆ. ನನ್ನ ಸ್ವಭಾವ ನಿನಗೆ ಗೊತ್ತು. ಗಾಳಿ ತಿರುಗಿದರೆ, ಮೋಡ ಬಂದರೆ ಎಂದು ನಾನು ಗೊಣಗುತ್ತಲೇ ಇರುತ್ತಿದ್ದೆ. "ನಿನ್ ಗೊಣಗಾಟ ನಿಂತ್ರೆ ನಂಗೆ ಗುರಿ ತಪ್ಪುತ್ತೆ ಕಣೋ" ಎಂದು ನೀನೇ ನಗುತ್ತಿದ್ದೆ. ಅಂಥವನಿಗೆ ಆವತ್ತು ಬಸ್ಸಿನಲ್ಲಿ ಇದ್ದ ಚಿಂತೆ ಏನು ಗೊತ್ತೆ? ಛತ್ರ ವಿಜಯನಗರದಲ್ಲಿ ಹಿಡಿದರೆ ಗಾಡಿ ನಿಲ್ಲಿಸಲು ಜಾಗ ಸಾಲದೆ ನಿನ್ನ ಕಡೆಯವರು ಬೈದಾರು ಎಂದು.

ಬಸವರಾಜೇಶ್ವರಿಯವರು "ಅಣ್ಣಾ, ಇನ್ನೊಂಚೂರು ಉಪ್ಪಿಟ್ಟು ಹಾಕಿಸ್ಕೊಳ್ರಿ" ಎಂದು ಪ್ರೀತಿಯಿಂದಲೇ ಬಡಿಸಿದರು. ನೀನು ನನ್ನನ್ನು ತಾರಸಿಗೆ ಕರೆದುಕೊಂಡು ಹೋದೆ. ಸಿಂಟೆಕ್ಸ್ ಟ್ಯಾಂಕಿಗೆ ಒರಗಿ ನಿಂತು ಹೇಳಿದೆ:

"ನೋಡೋ ಸುಬ್ಬು, ಚೇತನಾ ಬಂಗಾರದಂಥ ಹುಡುಗಿ. ನಾನೇನ್ ಬೇರೆಯವನಾ? ಆದ್ರೆ ಸೆವೆನ್ ಸಿಕ್ಸ್‌ಟೂ ರೌಂಡನ್ನ ತ್ರೀ ಥರ್ಟಿಯೇಟ್ ರೈಫಲ್‌ಗೆ ಹಾಕಕ್ಕಾಗುತ್ತಾ? ರೌಂಡೂ ಒಳ್ಳೇದೇ, ರೈಫಲ್ಲೂ ಒಳ್ಳೇದೇ. ಚೇಂಬರ್ ಬೇರೆ. ಮನೇಲಿ ಹಿರೀರಿದಾರೆ, ಮಠದ ಕಡೆಯವ್ರಿದಾರೆ. ನೀನೇ ಅರ್ಥ ಮಾಡ್ಕೊ."

ಜಾತಿ ಎಂಬ ಮಾತು ನಿನ್ನ ಬಾಯಿಂದ ಬರಲೇ ಇಲ್ಲ. ಬಂದಿದ್ದರೆ ಅಲ್ಲೇ ಬೈದು ಬರಬಹುದಿತ್ತು. ನೀನು ತೋಟಾದ ಮಾತಾಡಿದೆ, ತೋಟಾದ ಮಟ್ಟಿಗೆ ನೀನು ಹೇಳಿದ್ದು ಸರಿಯಾಗಿತ್ತು. ಹನ್ನೊಂದು ವರ್ಷ ನಿನ್ನ ಪಕ್ಕ ಮಲಗಿ "ಕರೆಕ್ಟು, ಹೊಡಿ" ಎಂದು ಹೇಳಿ ಹೇಳಿ ರೂಢಿಯಾದ ಬಾಯಿ, "ಕರೆಕ್ಟು" ಎಂದುಬಿಟ್ಟಿತು. ನೀನು ನನ್ನ ಬೆನ್ನು ತಟ್ಟಿದೆ.

ಬಸ್ಸಿನಲ್ಲಿ ಜ್ಯೋತಿಲಕ್ಷ್ಮಿ ಕೇಳಿದಳು.

"ಏನಂದ್ರು?"

"ಚೇಂಬರ್ ಬೇರೆ ಅಂದ."

"ಹಂಗಂದ್ರೆ?"

ರೈಫಲ್ಲಿನಲ್ಲಿ ತೋಟಾ ಕೂರುವ ಗೂಡು, ಒಂದರ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ ಎಂದು ಬಿಡಿಸಿ ಹೇಳಿದೆ.

"ಅದಕ್ಕೆ ನೀವೇನಂದ್ರಿ?"

"ಕರೆಕ್ಟು ಅಂದೆ."

ಸುಮನಹಳ್ಳಿಯ ಹತ್ತಿರ ನನ್ನ ಕಡೆ ತಿರುಗಿ ಹೇಳಿದಳು, "ಇಷ್ಟ್ ವರ್ಷ ಬಾಗ್ಲು ಹಾಕಿದ್ಯಾ, ಗ್ಯಾಸ್ ಆಫ್ ಮಾಡಿದ್ಯಾ ಅಂತ ನನ್ ಪ್ರಾಣ ತಿಂದ್ರಿ. ಮುಖದ್ ಮೇಲೇ ಬಾಗ್ಲು ಹಾಕ್ದಾಗ ಕರೆಕ್ಟು ಅಂದ್ರಾ?"

ನಿನಗೆ ಕೊಡಬೇಕಾಗಿದ್ದ ಉತ್ತರ ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ, ಗೇಟಿನಲ್ಲಿ ನಿಂತಿದ್ದಾಗ. ತೋಟಾದ ಬುಡದಲ್ಲಿ ಅದು ಯಾವ ಅಳತೆಯದು ಎಂದು ಕಾರ್ಖಾನೆಯವರು ಅಚ್ಚು ಒತ್ತಿರುತ್ತಾರೆ. ನನ್ನ ಮಗಳಲ್ಲಿ ಅದನ್ನು ಎಲ್ಲಿ ಒತ್ತಿತ್ತು, ನಿನಗೆ ಎಲ್ಲಿ ಕಂಡಿತು? ಅವಳು ಲ್ಯಾಬಿನಲ್ಲಿ ದಿನವೂ ಊರಿನವರ ರಕ್ತ ನೋಡುವ ಕೆಲಸದವಳು. ಅವಳಿಗೂ ಇದುವರೆಗೆ ಕಂಡಿಲ್ಲವಂತೆ.

ಹೋದ ಭಾನುವಾರ ನಾಗಭೂಷಣ್ ಬಂದಿದ್ದ. ನಿನಗೆ ಹೇಳಿ ಬಂದನೋ ಇಲ್ಲವೋ ತಿಳಿಯದು. ಮೇಲೆ ಬರಲಿಲ್ಲ, ಗಲ್ಲಿಯಲ್ಲೇ ಗಾಡಿ ನಿಲ್ಲಿಸಿಕೊಂಡು ನಿಂತಿದ್ದ. ಚೇತನಾ ಇಳಿದು ಹೋದಳು. ಬಿದ್ದುಗಿದ್ದಾಳೆಂದು ನಾನು ಮೆಟ್ಟಿಲವರೆಗೆ ಹೋದವನು, ಹಿಂದೆ ಬರಲಾಗದೆ ಅಲ್ಲೇ ನಿಂತು ಕೇಳಿಸಿಕೊಂಡೆ.

"ಒಂದ್ ವರ್ಷ ಟೈಮ್ ಕೊಡು ಚೇತು," ಎಂದ ನಿನ್ನ ಮಗ. "ಅಪ್ಪನ್ನ ನಿಧಾನಕ್ಕೆ ಒಪ್ಪಿಸ್ತೀನಿ."

"ನಮ್ಮಪ್ಪ ನಿಮ್ಮಪ್ಪಂಗೆ ಹನ್ನೊಂದು ವರ್ಷ ಕೊಟ್ರು. ಒಪ್ಕೊಂಡ್ರಾ?"

"ಹಂಗಲ್ಲ ಕಣೇ, ಮನೇಲಿ ಗಲಾಟೆ ಮಾಡಕ್ಕಾಗಲ್ಲ ನಂಗೆ..."

"ಗಲಾಟೆ ಮಾಡ್ಬೇಡ. ಮೆಲ್ಲಗೇ ಹೇಳು. ಇವತ್ತು ಹೇಳ್ತೀಯಾ?"

ಅವನು ಹೆಲ್ಮೆಟ್ಟಿನ ಪಟ್ಟಿಯನ್ನು ಬಿಚ್ಚಿದ, ಹಾಕಿದ, ಮತ್ತೆ ಬಿಚ್ಚಿದ. ಅವಳು ಮೇಲೆ ಬಂದು, "ಮುಗೀತಮ್ಮ, ಊಟಕ್ಕೆ ಹಾಕು" ಎಂದಳು. ಎರಡು ಸಲ ಅನ್ನ ಹಾಕಿಸಿಕೊಂಡಳು. ಅತ್ತಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಆದ್ದರಿಂದ ನೀನಿನ್ನು ಮಠದ ಕಡೆಯವರಿಗೆ ಹೆದರಬೇಕಾಗಿಲ್ಲ. ಇನ್ನೊಂದು ಸಲ ಹಣ್ಣು ಹೂವು ಹಿಡಿದು ನಿನ್ನ ಮೆಟ್ಟಿಲು ಹತ್ತುವುದಿಲ್ಲ. ಹುಡುಗನ ಮೇಲೆ ಕೂಗಾಡಬೇಡ. ಅವನಿಗೆ ನನ್ನ ಆಶೀರ್ವಾದ, ಇದು ಮಾತ್ರ ಚುಚ್ಚಿ ಬರೆದದ್ದಲ್ಲ. ನಿಮ್ಮ ಚೇಂಬರಿಗೆ ಹೊಂದುವ ಸೊಸೆಯೇ ಸಿಗಲಿ, ಮನೆ ತುಂಬಿರಲಿ. ಜನವರಿಯಲ್ಲಿ ತಡವರಿಸದೆ ಮಾತಾಡು. ನೋಡಿದ್ದು ಯಾರು ಎಂದು ಸಾಹೇಬರು ಕೇಳಿದರೆ ನನ್ನ ಹೆಸರು ಹೇಳಬೇಕಾಗಿಲ್ಲ.

ಇಂತು,
ಸುಬ್ರಮಣಿ

ಮಡಿಸುವ ಮುಂಚೆ ಇನ್ನೊಂದು ಮಾತು. ಹೋದ ಭಾನುವಾರ ಊಟ ಮುಗಿಸಿ ಕೈ ತೊಳೆದು ಬಂದು ಚೇತನಾ ಕೇಳಿದಳು, "ಅಪ್ಪಾ, ಮಿಲಿಟ್ರೀಲಿ ಶಂಭು ಅಂಕಲ್ ನಿಮ್ ಜೊತೆ ಊಟ ಮಾಡ್ತಿದ್ರಾ?" ಹೌದೆನ್ನಲು ಬಾಯಿ ತೆರೆದವನಿಗೆ ನೀರಿನ ಬಾಟಲಿ ಕಣ್ಣೆದುರು ಬಂತು. ಅಡಗಿ ಮಲಗಿದಾಗ ಇಬ್ಬರಿಗೂ ಅದೊಂದೇ, ಅದು ನನ್ನ ಕಡೆ ಇರುತ್ತಿತ್ತು. ತಲೆ ಎತ್ತಬಾರದು, ಕೈ ಎತ್ತಬಾರದು. ಆದರೂ ನೀನು ಮಗ್ಗುಲಾಗಿ, ಬಾಟಲಿ ಮೇಲೆತ್ತಿ, ತುಟಿಗೆ ಸೋಕಿಸದೆ ಸುರಿದುಕೊಳ್ಳುತ್ತಿದ್ದೆ, ಅರ್ಧ ಕಿವಿಗೆ ಹೋಗುತ್ತಿತ್ತು. "ಕೈ ಇಳಿಸೋ, ಕಾಣಿಸುತ್ತೆ" ಎಂದು ಹೆದರಿ ಸಾಯುತ್ತಿದ್ದೆ ನಾನು. ಎತ್ತಿ ಕುಡಿಯುವುದೇ ನಿನ್ನ ರೂಢಿ ಎಂದುಕೊಂಡಿದ್ದೆ. ನಿಮ್ಮ ಜನದ ಶಿವಬಸಪ್ಪ ಇದ್ದನಲ್ಲ, ಅವನ ಬಾಟಲಿ ಕಿತ್ತುಕೊಂಡು ನೀನು ಬಾಯಿಟ್ಟು ಗಟಗಟ ಕುಡಿದದ್ದನ್ನು ಎಷ್ಟು ಸಲ ನೋಡಿರಲಿಲ್ಲ ನಾನು! ನೋಡುವುದೇ ನನ್ನ ಕೆಲಸವಾಗಿತ್ತು. ಮೈಲಿ ದೂರ ಹೋದ ಗುಂಡಿನ ಜಾಡು ಹಿಡಿಯುತ್ತಿದ್ದೆ, ಮೊಳ ದೂರದ್ದು ಕಾಣಲಿಲ್ಲ.

ಚೇತನಾಗೆ, "ಹೂಂ ಕಣಮ್ಮ, ಒಂದೇ ತಟ್ಟೇಲಿ" ಎಂದಿದ್ದೇನೆ. ಎಲ್ಲಾದರೂ ಸಿಕ್ಕಿ ಕೇಳಿದರೆ ನೀನೂ ಹಾಗೇ ಹೇಳು.